ಪದ್ಮಿನಿ ಮತ್ತೆ ರಸ್ತೆಗೆ: ಮೂರು ವರ್ಷ ಎಂಟು ತಿಂಗಳ ಕೆಲಸದ ದಾಖಲೆ

1976ರ ಪ್ರೀಮಿಯರ್ ಪದ್ಮಿನಿ ಕಾರೊಂದನ್ನು ತೀರ್ಥಹಳ್ಳಿಗೆ ಹತ್ತಿರದ ನಮ್ಮ ಮನೆಯ ಅಡಿಕೆ ಕೊಟ್ಟಿಗೆಯಲ್ಲಿ ಬಿಚ್ಚಿ, ಸರಿಪಡಿಸಿ, ಮತ್ತೆ ಜೋಡಿಸಿ, 2024ರ ಅಕ್ಟೋಬರ್ 27ರ ಭಾನುವಾರ ಆಗುಂಬೆ ಘಾಟಿ ಇಳಿಸಿ, ಹತ್ತಿಸಿಕೊಂಡು ಮನೆಗೆ ತಂದೆ. ಕೆಲಸ ಶುರುವಾದದ್ದು 2021ರ ಫೆಬ್ರವರಿ 14ರಂದು. ನಾನು ಮೆಕ್ಯಾನಿಕ್ ಅಲ್ಲ. ತೋಟದ ಪಂಪ್‌ಸೆಟ್, ಔಷಧಿ ಹೊಡೆಯುವ ಯಂತ್ರ, ಟಿಲ್ಲರ್, ಇಷ್ಟರ ರಿಪೇರಿಯಷ್ಟೇ ಕೈಗೆ ರೂಢಿಯಿದ್ದದ್ದು. ಈ ಅವಧಿಯಲ್ಲಿ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಟ್ಟದ್ದನ್ನು ಇಲ್ಲಿ ಕ್ರಮವಾಗಿ ಕೊಡುತ್ತಿದ್ದೇನೆ. ನೆಟ್ಟಗಾದ ಕೆಲಸಗಳನ್ನು ಬೇಗ ಹೇಳಿ ಮುಗಿಸಿ, ಕೆಡಿಸಿದ ಕೆಲಸಗಳನ್ನು ವಿವರವಾಗಿ ಬರೆದಿದ್ದೇನೆ. ಇದೇ ಕಾರನ್ನು ಬಿಚ್ಚಿಕೊಂಡು ಕುಳಿತವರಿಗೆ ಬೇಕಾಗುವುದು ಅವೇ.

ಮುಂಬೈಯ ಕುರ್ಲಾದಲ್ಲಿ ಫಿಯಟ್ 1100 ಎಂದು ತಯಾರಾಗುತ್ತಿದ್ದ ಕಾರಿಗೆ ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. ನಮ್ಮ ಕಡೆ ಅದನ್ನು ಈಗಲೂ ಫಿಯಟ್ ಕಾರು ಎಂದೇ ಕರೆಯುತ್ತಾರೆ. 1089 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರು. ಇದು ನನ್ನ ಸೋದರಮಾವನ ಕಾರು. ಅವರು ತೀರಿಕೊಂಡ ಮೇಲೆ 2010ರಿಂದ ಅವರ ಮನೆಯ ಹಿಂದಿನ ಮಾಡಿನಲ್ಲಿ ನಿಂತೇ ಇತ್ತು.

1. ಹಿಡಿದುಕೊಂಡ ಎಂಜಿನ್ (ಫೆಬ್ರವರಿ–ಮಾರ್ಚ್ 2021)

ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುವಾಗ ಹಿಂದಿನ ಎರಡೂ ಚಕ್ರ ತಿರುಗಲಿಲ್ಲ. ಡ್ರಮ್ಮುಗಳನ್ನು ಸುತ್ತಿಗೆಯಿಂದ ತಟ್ಟಿ ಬಿಡಿಸಲು ಅರ್ಧ ದಿನ ಹಿಡಿಯಿತು. ಮನೆಗೆ ತಂದು ನೋಡಿದರೆ ಡ್ಯಾಶ್‌ಬೋರ್ಡಿನ ಹಿಂದಿನ ವಯರುಗಳನ್ನೆಲ್ಲ ಇಲಿ ಕಡಿದಿತ್ತು, ಚಾಲಕನ ಕಾಲಡಿಯಲ್ಲಿ ಅಂಗೈಯಗಲದ ತೂತಿತ್ತು, ಪೆಟ್ರೋಲ್ ಟ್ಯಾಂಕಿನ ತಳದಲ್ಲಿ ಜೋನಿಬೆಲ್ಲದಂತಹ ಗಸಿ ಇತ್ತು, ಮತ್ತು ಎಂಜಿನ್ ಕೂದಲೆಳೆಯಷ್ಟೂ ತಿರುಗುತ್ತಿರಲಿಲ್ಲ.

ಪ್ಲಗ್ಗುಗಳನ್ನು ತೆಗೆದು ಒಂದೊಂದು ಸಿಲಿಂಡರಿಗೆ 50 ಮಿ.ಲೀ.ಯಂತೆ ಡೀಸೆಲ್ ಮತ್ತು ಬ್ರೇಕ್ ಆಯಿಲ್‌ಗಳ ಅರ್ಧರ್ಧ ಮಿಶ್ರಣ ಹಾಕಿದೆ. ಎರಡು ವಾರ ಬಿಡಬೇಕೆಂದು ತಿಳಿದೂ ಮೂರನೆಯ ದಿನವೇ ಸ್ಟಾರ್ಟಿಂಗ್ ಹ್ಯಾಂಡಲಿಗೆ ಮೂರು ಅಡಿಯ ಪೈಪು ತೂರಿಸಿ ಜಗ್ಗಿದೆ. ತಿರುಗಿದ್ದು ಎಂಜಿನ್ ಅಲ್ಲ, ಹ್ಯಾಂಡಲಿನ ಪಿನ್ನು. ಅದನ್ನು ಲೇತಿನಲ್ಲಿ ಹೊಸದಾಗಿ ಮಾಡಿಸಲು 180 ರೂಪಾಯಿ. ಹನ್ನೊಂದನೆಯ ದಿನ ನಾಲ್ಕನೆಯ ಗೇರಿಗೆ ಹಾಕಿ ಕಾರನ್ನೇ ಹಿಂದೆ ಮುಂದೆ ತೂಗಿದಾಗ ಒಳಗೆ ಟಕ್ಕೆಂದು ಸದ್ದಾಗಿ ಬಿಟ್ಟುಕೊಂಡಿತು.

2. ಎಂಜಿನ್ ಕೆಲಸ (ಏಪ್ರಿಲ್–ಅಕ್ಟೋಬರ್ 2021)

ಕೊಟ್ಟಿಗೆಯ ತೊಲೆಗೆ ಚೈನ್ ಪುಲ್ಲಿ ಕಟ್ಟಿ ಎಂಜಿನ್ ಇಳಿಸಿದೆವು. ಬಿಚ್ಚಿದ ಬಿಡಿಭಾಗಗಳಿಗೆಲ್ಲ ಚೀಟಿ ಬರೆದು ಕಟ್ಟಿದ್ದೆ; ಡೀಸೆಲಿನಲ್ಲಿ ತೊಳೆಯುವಾಗ ಶಾಯಿಯೆಲ್ಲ ಹೋಗಿ ಖಾಲಿ ಚೀಟಿಗಳು ಉಳಿದವು. ಆಮೇಲೆ ಅಲ್ಯೂಮಿನಿಯಂ ತಗಡಿನ ತುಂಡುಗಳ ಮೇಲೆ ಮೊಳೆಯಿಂದ ಗೀರಿ ಬರೆದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಮೇ–ಜೂನ್‌ನ ಲಾಕ್‌ಡೌನಿನಲ್ಲಿ ಬ್ಲಾಕನ್ನು, ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಒಡಲನ್ನು, ಶಿವಮೊಗ್ಗಕ್ಕೆ ಸಾಗಿಸಲು ಆಗದೆ ಗೋಣಿಚೀಲ ಹೊದಿಸಿ ಇಟ್ಟಿದ್ದೆ. ಜುಲೈಯಲ್ಲಿ ಅಳೆಯಿಸಿದಾಗ, 68 ಮಿ.ಮೀ. ಇರಬೇಕಾದ ಬೋರು (ಸಿಲಿಂಡರಿನ ಒಳ ಅಡ್ಡಳತೆ) ಎರಡನೆಯ ಸಿಲಿಂಡರಿನ ಮೇಲ್ಭಾಗದಲ್ಲಿ 68.34 ಬಂತು. ಹಾಗಾಗಿ ನಾಲ್ಕನ್ನೂ 68.60ಕ್ಕೆ ಬೋರ್ ಮಾಡಿಸಿ, ಅದಕ್ಕೊಪ್ಪುವ ಪಿಸ್ಟನ್ ಮತ್ತು ರಿಂಗುಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದೆ. ಕ್ರ್ಯಾಂಕ್ ಗ್ರೈಂಡಿಂಗ್, ಬೇರಿಂಗ್, ವಾಲ್ವ್, ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡಿನ ತಳವನ್ನು ಸಮತಟ್ಟು ಮಾಡಿಸಿದ್ದು ಎಲ್ಲ ಸೇರಿ 26,900 ರೂಪಾಯಿ. ಈ ಹಂತದಲ್ಲಿ ದೊಡ್ಡ ತಪ್ಪೇನೂ ಆಗಲಿಲ್ಲ ಎಂದು ಅಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಆಗಿದ್ದ ತಪ್ಪು ಗೊತ್ತಾಗಲು ಇನ್ನೂ ಎರಡು ವರ್ಷ ಬೇಕಿತ್ತು.

ನವೆಂಬರಿನಿಂದ ಜನವರಿಯವರೆಗೆ ಅಡಿಕೆ ಕೊಯ್ಲು. ಕೊಟ್ಟಿಗೆಯಲ್ಲಿ ಸುಲಿಯುವವರು ಕುಳಿತಿದ್ದರು, ಕಾರಿನ ಮೇಲೆ ತಟ್ಟಿ ಹೊದಿಸಿ ಅದರ ಮೇಲೆ ಸಿಪ್ಪೆಗೋಟು ಹರಡಿದ್ದಾಯಿತು. ಮುಂದಿನ ಎರಡು ವರ್ಷವೂ ಹೀಗೆಯೇ.

3. ತಗಡಿನ ಕೆಲಸ (ಫೆಬ್ರವರಿ–ಜೂನ್ 2022)

ಮಲೆನಾಡಿನ ಮಳೆಯಲ್ಲಿ ನಿಂತ ಕಾರಿನ ಬಣ್ಣದ ಕೆಳಗೆ ಏನಿದೆಯೆಂದು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡುವವರೆಗೆ ಗೊತ್ತಾಗುವುದಿಲ್ಲ. ಎರಡೂ ಬದಿಯ ನೆಲ, ಬಾಗಿಲುಗಳ ಕೆಳಗಿನ ಉದ್ದದ ಪಟ್ಟಿ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಳಿ, ಇಷ್ಟೂ ಹೋಗಿದ್ದವು. ಊರಿನ ಟಿಂಕರ್ ಕೆಲಸದವರನ್ನು ದಿನಕ್ಕೆ 900 ರೂಪಾಯಿಯಂತೆ 22 ದಿನ ಕರೆಸಿದೆ. ರಟ್ಟಿನಲ್ಲಿ ಅಚ್ಚು ಕತ್ತರಿಸುವುದು, ಅದನ್ನು 20 ಗೇಜಿನ ತಗಡಿಗೆ ಇಳಿಸುವುದು ನನ್ನ ಪಾಲು. ಗ್ಯಾಸ್ ವೆಲ್ಡಿಂಗ್ ಅವರದು.

ಇಲ್ಲಿ ಮಾಡಿದ ತಪ್ಪು ಇಡೀ ಕೆಲಸದಲ್ಲೇ ದೊಡ್ಡದು, ಮತ್ತು ಅದು ಪೂರ್ತಿ ನನ್ನದೇ. ಈ ಕಾರಿಗೆ ಜೀಪಿನಂತೆ ಬೇರೆ ಚಾಸಿ (ಅಡಿಚೌಕಟ್ಟು) ಇಲ್ಲ; ನೆಲ, ಪಟ್ಟಿ, ಕಂಬ, ಮಾಡು ಎಲ್ಲ ಒಂದನ್ನೊಂದು ಹಿಡಿದುಕೊಂಡೇ ಗಟ್ಟಿಯಾಗಿ ನಿಂತಿರುತ್ತವೆ. ಕೆಲಸದವರು ಒಂದು ಬದಿ ಮುಗಿಸಿ ಇನ್ನೊಂದು ಬದಿ ಕತ್ತರಿಸೋಣ ಎಂದಿದ್ದರು. ಗ್ಯಾಸ್ ಸಿಲಿಂಡರಿನ ಬಾಡಿಗೆ ಉಳಿಯುತ್ತದೆಂದು ನಾನೇ ಎರಡೂ ಬದಿಯನ್ನು ಒಂದೇ ದಿನ ಕತ್ತರಿಸಿಸಿದೆ. ಬಾಗಿಲ ಕಂಡಿಗೆ ಅಡ್ಡ ಆಸರೆಯನ್ನೂ ಕೊಡಲಿಲ್ಲ. ಹೊಸ ತಗಡು ಬೆಸೆದು, ಚಾಲಕನ ಬಾಗಿಲು ಜೋಡಿಸಿದಾಗ ಅದು ಮುಚ್ಚಲೇ ಇಲ್ಲ. ಬಾಗಿಲಿಗೂ ಕಂಬಕ್ಕೂ ನಡುವಿನ ಸಂದು ಮೇಲೆ 3 ಮಿ.ಮೀ., ಕೆಳಗೆ 11 ಮಿ.ಮೀ. ಕಾರು ನಡುವಿನಲ್ಲಿ ಬಗ್ಗಿತ್ತು.

ಬೆಸುಗೆ ಹಾಕಿದ್ದರಲ್ಲಿ ಎಡಬದಿಯನ್ನು ಹಾಗೇ ಬಿಟ್ಟು ಬಲಬದಿಯನ್ನು ಮತ್ತೆ ಕತ್ತರಿಸಿದೆವು. ಬಗ್ಗಿದ ಜಾಗದ ಕೆಳಗೆ ಮರದ ದಿಮ್ಮಿ ಇಟ್ಟು, ಜ್ಯಾಕನ್ನು ಕಾಲು ಸುತ್ತು, ಕಾಲು ಸುತ್ತು ಏರಿಸುತ್ತ, ಪ್ರತಿಸಲ ಬಾಗಿಲು ಹಾಕಿ ಸಂದು ಅಳೆಯುತ್ತ ಹೋದೆ. ಸಂದು ಮೇಲೆ 6, ಕೆಳಗೆ 7 ಆದಾಗ ಬಾಗಿಲ ಕಂಡಿಗೆ ಆಂಗಲ್ ಕಬ್ಬಿಣದ ಎರಡು ತುಂಡು ಅಡ್ಡ ಬೆಸೆದು ಹಿಡಿಸಿ, ನೆಲವನ್ನು ಒಂದಂಗುಲ ಇಲ್ಲಿ, ಒಂದಂಗುಲ ಅಲ್ಲಿ ಎಂದು ಜಾಗ ಬದಲಿಸಿ ಬೆಸೆದೆವು. ಒಂದೇ ಕಡೆಯಿಂದ ಎಳೆದುಕೊಂಡು ಹೋದರೆ ಬಿಸಿಗೆ ತಗಡು ಮತ್ತೆ ಸೊಟ್ಟಗಾಗುತ್ತದೆ. ಈಗ ಬಾಗಿಲು ಎರಡು ಬೆರಳಿನಿಂದ ತಳ್ಳಿದರೆ ಮುಚ್ಚುತ್ತದೆ. ಮನೆಗೆ ಬಂದವರಿಗೆ ನಾನು ಮೊದಲು ತೋರಿಸುವುದು ಬಣ್ಣವನ್ನಲ್ಲ, ಅದನ್ನೇ.

4. ಬಣ್ಣ, ಎರಡು ಸಲ (ಜುಲೈ 2022, ಮಾರ್ಚ್ 2023)

ಜುಲೈಯಲ್ಲಿ ತೀರ್ಥಹಳ್ಳಿಯ ಸುತ್ತಮುತ್ತ ಯಾರೂ ಹಪ್ಪಳ ಸಹ ಒಣಗಿಸುವುದಿಲ್ಲ. ನಾನು ಕಾರಿಗೆ ಬಣ್ಣ ಹೊಡೆಸಿದೆ. ಕೊಟ್ಟಿಗೆಗೆ ಪ್ಲಾಸ್ಟಿಕ್ ಕಟ್ಟಿ, ಎರಡು ಹ್ಯಾಲೊಜೆನ್ ದೀಪ ಹಾಕಿ ಬಿಸಿ ಮಾಡಿದರೆ ಸಾಕೆಂದುಕೊಂಡಿದ್ದೆ. ಪುಟ್ಟಿ ತೇವ ಹೀರಿಕೊಂಡಿತ್ತು; ಅದರ ಮೇಲೆ ಪ್ರೈಮರ್, ಅದರ ಮೇಲೆ ಕೆನೆಬಣ್ಣ. ಮೊದಲ ವಾರ ಚೆನ್ನಾಗಿಯೇ ಕಂಡಿತು. ಸೆಪ್ಟೆಂಬರಿನ ಬಿಸಿಲಿಗೆ ಬಾನೆಟ್ಟಿನ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆಗಳೆದ್ದವು, ಒಡೆದರೆ ಒಳಗೆ ನೀರು. 31,000 ರೂಪಾಯಿಯ ಬಣ್ಣವನ್ನು 80ರ ಉಜ್ಜು ಕಾಗದದಿಂದ ತಗಡಿನವರೆಗೂ ಉಜ್ಜಿ ತೆಗೆಯಲು ನಮ್ಮ ಮನೆಯ ಮೂವರಿಗೆ ಹದಿನೇಳು ದಿನ ಬೇಕಾಯಿತು.

2023ರ ಮಾರ್ಚಿನಲ್ಲಿ ಹದಿನೈದು ದಿನ ಒಣಹವೆ ನೋಡಿ ಮತ್ತೆ ಹೊಡೆಸಿದೆ. 24,000 ರೂಪಾಯಿ. ಅದಕ್ಕೆ ಇಲ್ಲಿಯವರೆಗೆ ಏನೂ ಆಗಿಲ್ಲ.

5. ಬ್ರೇಕ್ ಮತ್ತು ಮುಂಭಾಗ (ಏಪ್ರಿಲ್–ಮೇ 2023)

ಮುಂದಿನ ಚಕ್ರಗಳು ಹೊರಳುವ ಕಿಂಗ್‌ಪಿನ್ ಮತ್ತು ಬುಷ್‌ಗಳ ಕೆಲಸ ಸಲೀಸಾಗಿ ಮುಗಿಯಿತು, 8,700 ರೂಪಾಯಿ. ಗ್ರೀಸ್ ಗನ್ನಿನಿಂದ ಎಲ್ಲ ನಿಪ್ಪಲ್ಲುಗಳಿಗೂ ಗ್ರೀಸು ತುಂಬಿ, ಹಳೆಯದು ಹೊರಬಂದು ಹೊಸದು ಕಾಣುವವರೆಗೆ ಒತ್ತಬೇಕು, ಅಷ್ಟೇ.

ಬ್ರೇಕ್ ಹಾಗಿರಲಿಲ್ಲ. ವೀಲ್ ಸಿಲಿಂಡರುಗಳೆಲ್ಲ ಹೊಸವು, ಪೈಪು ಹೊಸದು, ಐದು ಸಲ ಗಾಳಿ ತೆಗೆದರೂ ಪೆಡಲ್ ಹತ್ತಿಯ ದಿಂಬಿನಂತೆ ಮೆತ್ತಗಿತ್ತು. ಮಾಸ್ಟರ್ ಸಿಲಿಂಡರನ್ನು ಅನುಮಾನಿಸಿ ಅದನ್ನೂ ಬದಲಿಸಿದೆ, ವ್ಯರ್ಥ ಖರ್ಚು. ಕೊನೆಗೆ ಊರಿನ ಹಳೆಯ ಮೇಸ್ತ್ರಿಯೊಬ್ಬರು ಬಂದು, ಡ್ರಮ್ಮಿನ ಒಳಮೈಗೆ ಸೀಮೆಸುಣ್ಣ ಬಳಿದು, ಒಮ್ಮೆ ಹಾಕಿ ತಿರುಗಿಸಿ ತೆಗೆಯಿರಿ ಎಂದರು. ತೆಗೆದು ನೋಡಿದರೆ, ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಶೂವಿನ ನಡುವೆ ಎರಡು ಬೆರಳಗಲ ಮಾತ್ರ ಬಿಳಿ ಹತ್ತಿತ್ತು. ಗೆರೆಬಿದ್ದ ಡ್ರಮ್ಮನ್ನು ನಾನು ಲೇತಿನಲ್ಲಿ ತೆಗೆಸಿದ್ದರಿಂದ ಅದರ ಸುತ್ತು ದೊಡ್ಡದಾಗಿತ್ತು, ಹೊಸ ಶೂವಿನ ಬಾಗು ಹಳೆಯ ಅಳತೆಯದು. ಒತ್ತಿದಾಗ ಶೂ ಕೂರುವ ಬದಲು ಬಾಗುತ್ತಿತ್ತು, ಆ ಬಾಗೇ ಪೆಡಲಿನಲ್ಲಿ ಮೆತ್ತಗೆನಿಸುತ್ತಿತ್ತು. ಬಿಳಿ ಹತ್ತಿದ ಜಾಗವನ್ನು ಅರದಿಂದ ತಿಕ್ಕುವುದು, ಮತ್ತೆ ಸುಣ್ಣ ಬಳಿದು ನೋಡುವುದು, ಹೀಗೆ ಎಂಟು ಶೂಗಳಿಗೆ ನಾಲ್ಕು ದಿನ. ಮುಸುಕು ಕಟ್ಟಿಕೊಂಡು, ನೀರು ಚಿಮುಕಿಸಿ ತಿಕ್ಕಿದೆ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

6. ವಯರಿಂಗ್ (ಜೂನ್–ಆಗಸ್ಟ್ 2023)

ಹಳೆಯ ವಯರಿನ ಗಂಟನ್ನು ಹಲಗೆಯ ಮೇಲೆ ಹರಡಿ, ಮೊಳೆ ಹೊಡೆದು, ಅದೇ ಉದ್ದಕ್ಕೆ ಹೊಸದನ್ನು ಕಟ್ಟಿದೆ. ಡೈನಮೊ ರಿವೈಂಡಿಂಗ್ ಸೇರಿ 9,700 ರೂಪಾಯಿ.

ಆಗಸ್ಟ್ 19ರಂದು ಮೊದಲ ಸಲ ಸ್ಟಾರ್ಟರ್ ಒತ್ತಿದಾಗ ಎಂಜಿನ್ ಮುಲುಗುತ್ತ ಅರ್ಧ ಸುತ್ತು ತಿರುಗಿತು. ಬ್ಯಾಟರಿ ಹೊಸದಾಗಿದ್ದರಿಂದ ಇನ್ನೊಮ್ಮೆ ಒತ್ತಿದೆ. ಆಗ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಹೊಗೆ ಬಂತು; ಚೋಕ್ ಕೇಬಲ್ಲನ್ನು ಮುಟ್ಟಿದ ನನ್ನ ಬೆರಳು ಸುಟ್ಟಿತು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕುಳಿತಿರುತ್ತದೆ, ಅದರಿಂದ ಕಾರಿನ ಮೈಗೆ ಕರೆಂಟು ಮರಳಲು ಇರುವುದು ಒಂದೇ ಹೆಣೆದ ತಾಮ್ರದ ಪಟ್ಟಿ. ಆ ಪಟ್ಟಿಯನ್ನು ನಾನು ಬೋಲ್ಟು ಹಾಕಿ ಬಿಗಿದದ್ದು ಹೊಸ ಬಣ್ಣದ ಮೇಲೆ. ಅಲ್ಲಿ ದಾರಿ ಸಿಗದ ಕರೆಂಟು ಕಾರ್ಬೊರೇಟರಿನಿಂದ ಡ್ಯಾಶ್‌ಬೋರ್ಡಿಗೆ ಹೋಗುವ ತೆಳು ಚೋಕ್ ಕೇಬಲ್ಲನ್ನೇ ಹಿಡಿದುಕೊಂಡು ವಾಪಸಾಗಿತ್ತು. ಒಂದು ರೂಪಾಯಿ ನಾಣ್ಯದಗಲ ಬಣ್ಣ ಕೆರೆದು ಪಟ್ಟಿಯನ್ನು ಮತ್ತೆ ಬಿಗಿದೆ. ಹೊಸ ಕೇಬಲ್ 350 ರೂಪಾಯಿ.

7. ಶುರುವಾದದ್ದು, ನಿಂತದ್ದು (ಸೆಪ್ಟೆಂಬರ್ 2023–ಮೇ 2024)

ಈಗ ಎಂಜಿನ್ ಚುರುಕಾಗಿ ತಿರುಗುತ್ತಿತ್ತು, ಆದರೆ ಹತ್ತುತ್ತಿರಲಿಲ್ಲ. ಕಾರ್ಬೊರೇಟರಿನ ಬಾಯಿಂದ ಢಮ್ಮೆಂದು ಬೆಂಕಿ ಉಗುಳುತ್ತಿತ್ತು. ಪ್ಲಗ್ ವಯರುಗಳು 1–3–4–2ರ ಕ್ರಮದಲ್ಲೇ ಇದ್ದವು. ಎರಡು ದಿನ ಕಾರ್ಬೊರೇಟರ್ ಬಿಚ್ಚಿ ಜೋಡಿಸಿ, ಮೂರನೆಯ ದಿನ ಮೇಸ್ತ್ರಿಯವರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಅವರು, "ಮಾರಾಯ್ರೇ, ಪುಲ್ಲಿಯ ಗುರುತು ಕೂಡಿಸಿದ್ದು ಸರಿ, ಅದು ಕಂಪ್ರೆಶನ್ನೋ ಎಗ್ಜಾಸ್ಟೋ ನೋಡಿದ್ರಾ?" ಎಂದು ಕೇಳಿದರು. ನೋಡಿರಲಿಲ್ಲ. ಪುಲ್ಲಿಯ ಗುರುತು ಎರಡು ಸುತ್ತಿಗೆ ಎರಡು ಸಲ ಕೂಡುತ್ತದೆ, ಅದರಲ್ಲಿ ಗಾಳಿ ಒತ್ತಿಕೊಳ್ಳುವ ಕಂಪ್ರೆಶನ್ನಿನದು ಮಾತ್ರ ಕಿಡಿ ಹೊಡೆಯುವ ಹೊತ್ತು, ಇನ್ನೊಂದು ಹೊಗೆ ಹೊರಹೋಗುವ ಎಗ್ಜಾಸ್ಟಿನದು. ಒಂದನೆಯ ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು, ಮಗನಿಂದ ಹ್ಯಾಂಡಲ್ ತಿರುಗಿಸಿದೆ. ಗಾಳಿ ಬೆರಳನ್ನು ತಳ್ಳಿದ ಸುತ್ತಿನಲ್ಲಿ ಗುರುತು ಕೂಡಿಸಿ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದೆ. ಸೆಪ್ಟೆಂಬರ್ 9ರ ಸಂಜೆ ಐದೂವರೆಗೆ ಎಂಜಿನ್ ಹತ್ತಿತು. ಹದಿಮೂರು ವರ್ಷದ ಮೇಲೆ ಎಂದು ಮನೆಯಾಕೆ ಬಾನೆಟ್ಟಿನ ಮೇಲೆ ಕುಂಕುಮ ಇಟ್ಟಳು.

ಮನೆಯಿಂದ ತೋಟದ ಗೇಟಿನವರೆಗಿನ ನಮ್ಮದೇ ದಾರಿಯಲ್ಲಿ ಓಡಿಸಿ ಓಡಿಸಿ 140 ಕಿ.ಮೀ. ಆದಾಗ ರೇಡಿಯೇಟರಿನಲ್ಲಿ ಗುಳ್ಳೆಗಳು ಏಳತೊಡಗಿದವು. ಎರಡನೆಯ ಹಂತದ ತಪ್ಪು ಈಗ ಹೊರಬಿತ್ತು. ಹೆಡ್ಡು ಅಲ್ಯೂಮಿನಿಯಂ, ಬ್ಲಾಕು ಎರಕದ ಕಬ್ಬಿಣ. ಎರಡರ ನಡುವೆ ಹೊಸ ಗ್ಯಾಸ್ಕೆಟ್ ಹಾಕಿ ಬಿಗಿದ ಮೇಲೆ ಎಂಜಿನ್ ಒಮ್ಮೆ ಬಿಸಿಯಾಗಿ ಆರಿದ ನಂತರ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ ಕ್ರಮವಾಗಿ ಮತ್ತೆ ಬಿಗಿಯಲೇಬೇಕು. 2021ರಲ್ಲಿ ಬೆಂಚಿನ ಮೇಲೆ ಬಿಗಿದದ್ದನ್ನೇ ಕೊನೆಯ ಬಿಗಿತವೆಂದು ಬಗೆದಿದ್ದೆ. ಮತ್ತೊಂದು ಗ್ಯಾಸ್ಕೆಟ್, ಮತ್ತೊಮ್ಮೆ ಹೆಡ್ಡು ನೋಡಿಸಿದ್ದು, 1,100 ರೂಪಾಯಿ.

2024ರ ಮಾರ್ಚಿನಲ್ಲಿ ಇನ್ನೊಂದು ತೊಂದರೆ ಬಂತು. ಪೆಟ್ರೋಲಿನಲ್ಲಿ ಈಗ ಎಥನಾಲ್ ಬೆರೆಸುತ್ತಾರೆ. ಹಳೆಯ ಸ್ಟಾಕಿನ ಪಂಪ್ ಡಯಾಫ್ರಮ್ (ಪೆಟ್ರೋಲ್ ಎತ್ತುವ ರಬ್ಬರ್ ಪೊರೆ) ಅದಕ್ಕೆ ಉಬ್ಬಿ, ಮೃದುವಾಗಿ, ಪೆಟ್ರೋಲ್ ಎತ್ತುವುದನ್ನೇ ನಿಲ್ಲಿಸಿತು. ಎಥನಾಲ್ ತಡೆಯುವ ರಬ್ಬರಿನ ಡಯಾಫ್ರಮ್ ಮತ್ತು ಪೈಪು ಹಾಕಿದೆ. ಟ್ಯಾಂಕನ್ನು ಮೊದಲೇ ಕಾಸ್ಟಿಕ್ ಸೋಡಾ ಮತ್ತು ಒಂದು ಸೇರು ಜಲ್ಲಿ ಹಾಕಿ ಅಲುಗಾಡಿಸಿ ತೊಳೆದಿದ್ದೆ.

ಗೇರು ಕೋಲಿನ ಜೋಡಣೆಯ ಸವೆದ ತುಂಡುಗಳು ಮುಂಬೈಯ ಗುಜರಿಯಿಂದ ಬಂದವು. 2023ರ ಅಕ್ಟೋಬರ್ 30ರಿಂದ ಅಲ್ಲಿ ಪದ್ಮಿನಿ ಟ್ಯಾಕ್ಸಿಗಳು ರಸ್ತೆಯಿಂದ ಹೋದವು. ಯಾವುದೋ ಟ್ಯಾಕ್ಸಿಯಲ್ಲಿ ಸಾವಿರಾರು ಸಲ ಗೇರು ಬದಲಿಸಿದ ತುಂಡು ಈಗ ನನ್ನ ಕೈಕೆಳಗಿದೆ.

8. ದಾಖಲೆ (ಆಗಸ್ಟ್ 2024)

ಆಗ ಐವತ್ತು ವರ್ಷ ತುಂಬಿರದಿದ್ದರಿಂದ ವಿಂಟೇಜ್ ನೋಂದಣಿಗೆ ಕಾರು ಬರುತ್ತಿರಲಿಲ್ಲ, ಬಂದಿದ್ದರೂ ನಾನು ಹೋಗುತ್ತಿರಲಿಲ್ಲ. ಆ ನೋಂದಣಿಯ ವಾಹನವನ್ನು ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲ. ಹಾಗಾಗಿ ಸಾಮಾನ್ಯ ನವೀಕರಣ, ಐದು ವರ್ಷಕ್ಕೆ. ಆಗಿನ ಶುಲ್ಕ 5,000, ಜೊತೆಗೆ ತಡದ ದಂಡ, ಹಸಿರು ತೆರಿಗೆ, ವಿಮೆ ಎಲ್ಲ ಸೇರಿ 24,800 ರೂಪಾಯಿ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದಾಗ ಅಂಕಿಗಳು ಒಂದೊಂದೇ ಮೂಡಿದವು. ಆ ಜಾಗದ ಬಣ್ಣವನ್ನು ತೆಳ್ಳಗೆ ಬಿಟ್ಟದ್ದು ನಾನು ಮುಂದಾಲೋಚನೆಯಿಂದ ಮಾಡಿದ ಒಂದೇ ಕೆಲಸ.

ಒಟ್ಟು ಖರ್ಚು 2,22,800 ರೂಪಾಯಿ. ಸೀಟು, ರಬ್ಬರ್ ಬೀಡಿಂಗ್, ಐದು ಟೈರು ಅದರಲ್ಲಿ ಸೇರಿವೆ, ನಮ್ಮ ಮನೆಯವರ ಕೂಲಿ ಸೇರಿಲ್ಲ.

9. ಆಗುಂಬೆ (27 ಅಕ್ಟೋಬರ್ 2024)

ಬೆಳಗ್ಗೆ 6.10ಕ್ಕೆ ಚೋಕ್ ಎಳೆದು ಹತ್ತಿಸಿದೆ. ಪಕ್ಕದಲ್ಲಿ ಮಗ, ಹಿಂದಿನ ಸೀಟಿನಲ್ಲಿ ಹತ್ತು ಲೀಟರ್ ನೀರು, ಸ್ಪ್ಯಾನರ್ ಪೆಟ್ಟಿಗೆ, ಡಿಸ್ಟ್ರಿಬ್ಯೂಟರಿನ ಬದಲಿ ಪಾಯಿಂಟ್ಸ್, ಹಗ್ಗ.

ಮೇಗರವಳ್ಳಿಯವರೆಗೆ ನನಗೆ ಸಂತೋಷವೇನೂ ಆಗಲಿಲ್ಲ, ಇದನ್ನು ಇದ್ದದ್ದು ಇದ್ದಂತೆ ಬರೆಯಬೇಕು. ನಾನು ಕಾರು ಓಡಿಸುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದೆ. ಟಿಕ್ ಟಿಕ್ ಎಂಬುದು ವಾಲ್ವಿನದು, ಅದು ಇರಬೇಕಾದ್ದೇ. ಮೂರನೆಯ ಗೇರಿನಲ್ಲಿ ಬರುವ ಸಣ್ಣ ಗೊರಗೊರ ಗೇರ್‌ಬಾಕ್ಸಿನದು. ಬಲಗಡೆ ತಿರುವಿನಲ್ಲಿ ಕಿರ್ರೆನ್ನುವುದು ಬಾಗಿಲ ರಬ್ಬರಿನದು, ಕಿಂಗ್‌ಪಿನ್ನಿನದಲ್ಲ. ಮೂಗು ಪೆಟ್ರೋಲ್ ವಾಸನೆಗೆ, ಕಣ್ಣು ಬಿಸಿಯ ಮುಳ್ಳಿಗೆ. ಮೇಗರವಳ್ಳಿ ದಾಟಿದ ಮೇಲೆ ಮಗ, "ಅಪ್ಪಯ್ಯ, ಸ್ಪೀಡೋಮೀಟರ್ ಸತ್ತಿದೆ" ಎಂದ. ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು, ಕೇಬಲ್ ತುಂಡಾಗಿರಬೇಕು. ನಿಲ್ಲಿಸಿ ನೋಡಬೇಕೆಂದುಕೊಂಡವನು ಏಕೋ ನಿಲ್ಲಿಸಲಿಲ್ಲ.

ಗುಡ್ಡೇಕೇರಿಯ ಹತ್ತಿರ ಇರಬೇಕು, ಈ ಸಲ ಕೊಳೆರೋಗಕ್ಕೆ ಮೂರನೆಯ ಔಷಧಿ ಹೊಡೆಸದೆ ತಪ್ಪು ಮಾಡಿದೆನೋ, ಉದುರಿದ್ದರಲ್ಲಿ ಎಷ್ಟು ಕ್ವಿಂಟಲ್ ಹೋಗಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಆಗ ಥಟ್ಟನೆ ಹೊಳೆಯಿತು: ಹಿಂದಿನ ನಾಲ್ಕೈದು ಕಿಲೋಮೀಟರ್ ನಾನು ಎಂಜಿನ್ನಿಗೆ ಕಿವಿಕೊಟ್ಟೇ ಇರಲಿಲ್ಲ. ಗೇರು ಬದಲಿಸಿದ್ದೆ, ಎದುರಿನ ಹಾಲಿನ ವ್ಯಾನಿಗೆ ದಾರಿ ಬಿಟ್ಟಿದ್ದೆ, ಯಾವುದೂ ನೆನಪಿರಲಿಲ್ಲ. ಮೂರು ವರ್ಷ ಎಂಟು ತಿಂಗಳು ಒಂದೊಂದು ನಟ್ಟಿನ ಚಿಂತೆ ಮಾಡಿದವನು ಕಾರನ್ನೇ ಮರೆತು ತೋಟದ ಚಿಂತೆ ಮಾಡುತ್ತಿದ್ದೆ. ಎಂಜಿನ್ ಮೊದಲು ಹತ್ತಿದ ಸಂಜೆಯಾಗಲಿ, ಬಣ್ಣ ಒಣಗಿ ಹೊಳೆದ ದಿನವಾಗಲಿ ಆಗದ ಸಮಾಧಾನ ಆಗ ಆಯಿತು. ಸೋದರಮಾವ ಇದೇ ರಸ್ತೆಯಲ್ಲಿ ಉಡುಪಿಗೆ ಹೋಗುವಾಗ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಇನ್ನೊಂದು ಕೈಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತ, ಗದ್ದೆಯ ವ್ಯಾಜ್ಯದ ಮಾತಾಡುತ್ತಿದ್ದರು. ಕಾರು ಹೀಗಿರಬೇಕಾದ್ದು.

ಘಾಟಿಯ ಹದಿನಾಲ್ಕು ಹಿಮ್ಮುರಿ ತಿರುವುಗಳನ್ನು ಎರಡನೆಯ ಗೇರಿನಲ್ಲೇ ಇಳಿಸಿದೆ. ಸೋಮೇಶ್ವರದಲ್ಲಿ ನಿಲ್ಲಿಸಿ ಡ್ರಮ್ಮುಗಳನ್ನು ಮುಟ್ಟಿ ನೋಡಿದೆ: ಮುಂದಿನ ಎರಡರ ಮೇಲೂ ಕೈ ಇಟ್ಟು ಐದು ಎಣಿಸಬಹುದು, ಹಿಂದಿನವಕ್ಕೆ ಹತ್ತು. ಎಡ ಬಲ ಸಮನಾಗಿತ್ತು. ಅರ ಹಿಡಿದು ಕುಳಿತ ನಾಲ್ಕು ದಿನ ವ್ಯರ್ಥವಾಗಲಿಲ್ಲ. ಹತ್ತುವಾಗ ತಿರುವುಗಳಲ್ಲಿ ಒಂದನೆಯ ಗೇರು, ನಡುವೆ ಎರಡನೆಯದು. ಸ್ಟಿಯರಿಂಗ್ ಸುತ್ತಿಸುವುದೆಂದರೆ ಬಾವಿಯಿಂದ ಕೊಡ ಎಳೆದಂತೆ, ಎಂಟನೆಯ ತಿರುವಿಗೆ ಭುಜ ನೋಯತೊಡಗಿತು. ಬಿಸಿಯ ಮುಳ್ಳು ಮುಕ್ಕಾಲಿನವರೆಗೆ ಏರಿ ಅಲ್ಲೇ ನಿಂತಿತು. ಆಗುಂಬೆಯಲ್ಲಿ ಕಾಫಿ ಕುಡಿಯುವಾಗ ಮಗ ಬೀಗದ ಕೈ ಕೇಳಿದ. ಮನೆಯವರೆಗೆ ಅವನೇ ಓಡಿಸಿದ. ಪಕ್ಕದಲ್ಲಿ ಕುಳಿತ ನನಗೆ ಎಲ್ಲ ಸದ್ದುಗಳೂ ಮತ್ತೆ ಕೇಳಿಸತೊಡಗಿದವು.

28 ಅಕ್ಟೋಬರ್

ಎಂಜಿನ್ ಆಯಿಲ್ ಕಡ್ಡಿಯಲ್ಲಿ ಅಕ್ಕಿಕಾಳಿನಷ್ಟು ಇಳಿದಿದೆ. ರೇಡಿಯೇಟರಿಗೆ 200 ಮಿ.ಲೀ. ನೀರು. ಸ್ಪೀಡೋಮೀಟರ್ ಕೇಬಲ್ ತರಿಸಬೇಕು. ರಾತ್ರಿ ಗೇರ್‌ಬಾಕ್ಸಿನ ಕೆಳಗೆ ಒಂದು ಅಡಿಕೆ ಹಾಳೆ ಇಟ್ಟಿದ್ದೆ, ಬೆಳಗ್ಗೆ ನೋಡಿದಾಗ ಮೂರು ತೊಟ್ಟು ಎಣ್ಣೆ ಬಿದ್ದಿತ್ತು. ಹಿಂದಿನ ಸೀಲು ಇರಬೇಕು. ಹಾಳೆಯನ್ನು ಅಲ್ಲೇ ಬಿಟ್ಟಿದ್ದೇನೆ. ಕೊಯ್ಲಿಗೆ ಕೊಟ್ಟಿಗೆ ಬಿಟ್ಟುಕೊಡಲು ಇನ್ನು ಹದಿನೈದು ದಿನವಿದೆ.